ರೂಸ್‌ವೆಲ್ಟರ ಭಾಷಣವೂ ಷಿಕಾಗೋ ಸಭಿಕರೂ

ಷಿಕಾಗೋ ನಗರದಲ್ಲಿ ರೂಸ್‌ವೆಲ್ಟ್ ಎಂಬ ಹೆಸರನ್ನು ಹೊತ್ತ ಒಂದು ದೊಡ್ಡ ರಸ್ತೆಯಿದೆ. ಅದೇ ಹೆಸರಿನ ರೈಲು ನಿಲ್ದಾಣವಿದೆ. ಅಲ್ಲಿಂದ ಉತ್ತರಕ್ಕೆ ಒಂದು ಮೈಲಿಯೊಳಗೆ ಅದೇ ಹೆಸರಿನ ವಿಶ್ವವಿದ್ಯಾಲಯವೂ ಇದೆ. ಇವೆಲ್ಲವೂ ಒಬ್ಬರ ಸ್ಮಾರಕವೆಂದು ಹೊಸಬರು ಭಾವಿಸುವುದು ಸಹಜ, ಆದರೆ ಹಾಗಲ್ಲ. ರಸ್ತೆಯು ಥಿಯೋಡೋರ್ ರೂಸ್‌ವೆಲ್ಟರದು. ಅವರು 1919ರಲ್ಲಿ ಕಾಲವಾದಾಗ ಊರವರು ಹನ್ನೆರಡನೆಯ ಬೀದಿಗೆ ಅವರ ಹೆಸರನ್ನಿಟ್ಟರು. ವಿಶ್ವವಿದ್ಯಾಲಯವಾದರೋ 1945ರಲ್ಲಿ ಹುಟ್ಟಿದ್ದು. ಅದು ಆ ವರ್ಷ ತೀರಿಕೊಂಡ ಫ್ರಾಂಕ್ಲಿನ್ ರೂಸ್‌ವೆಲ್ಟರ ಹೆಸರನ್ನು ಧರಿಸಿದೆ. ಇಬ್ಬರೂ ಅಮೆರಿಕಾ ಸಂಯುಕ್ತ ಸಂಸ್ಥಾನದ ಅಧ್ಯಕ್ಷರಾಗಿದ್ದವರೇ, ದೂರದ ದಾಯಾದಿಗಳೇ. ನಾವು ಹುಡುಕಿಕೊಂಡು ಹೋದದ್ದು ಮೊದಲನೆಯವರ ಹೆಜ್ಜೆಗಳನ್ನು.

ಈ ಊರಿಗೆ ಬಂದ ಭಾರತೀಯನು ಮೊದಲು ನೋಡಬೇಕಾದ ಸ್ಥಳವು ಮಿಷಿಗನ್ ಮಾರ್ಗದ ಕಲಾಶಾಲೆ. 1893ರಲ್ಲಿ ವಿವೇಕಾನಂದಸ್ವಾಮಿಗಳು ಮಾತನಾಡಿದ್ದು ಆ ಕಟ್ಟಡದಲ್ಲಿ. ನಾವೂ ಅಲ್ಲಿ ಹೋಗಿ ಕೈಮುಗಿದು, ಬಳಿಕ ಅದೇ ಮಾರ್ಗವನ್ನು ಹಿಡಿದು ದಕ್ಷಿಣಕ್ಕೆ ನಡೆದೆವು. ಸ್ವಲ್ಪ ದೂರದಲ್ಲಿಯೇ ಆಡಿಟೋರಿಯಮ್ ಎಂಬ ಪುರಾತನ ರಂಗಮಂದಿರವು ಸಿಕ್ಕುತ್ತದೆ. ನಮ್ಮ ಕಥೆಯು ಮೊದಲಾಗುವುದು ಅಲ್ಲಿ.

ಕಥೆಯ ಹಿನ್ನೆಲೆಯನ್ನು ಎರಡು ಮಾತುಗಳಲ್ಲಿ ಹೇಳಿಬಿಡಬಹುದು. ಥಿಯೋಡೋರ್ ರೂಸ್‌ವೆಲ್ಟರು 1901ರಿಂದ 1909ರವರೆಗೆ ಅಧ್ಯಕ್ಷರಾಗಿದ್ದು, ತಮ್ಮ ಆಪ್ತಮಿತ್ರರಾದ ಟ್ಯಾಫ್ಟರನ್ನು ಆ ಪೀಠದಲ್ಲಿ ಕೂರಿಸಿ, ಆಫ್ರಿಕಾ ಖಂಡಕ್ಕೆ ಬೇಟೆಗೆ ಹೊರಟುಹೋದರು. ಹಿಂದಿರುಗಿ ನೋಡಿದಾಗ ಮಿತ್ರನ ಆಳ್ವಿಕೆಯು ಅವರಿಗೆ ಹಿಡಿಸಲಿಲ್ಲ. ಪಂಚತಂತ್ರದಲ್ಲಿ ಮಿತ್ರಭೇದವನ್ನು ಮಾಡುವುದಕ್ಕೆ ಒಂದು ನರಿಯಾದರೂ ಬೇಕಾಯಿತು; ಇಲ್ಲಿ ಅದೂ ಬೇಕಾಗಲಿಲ್ಲ. 1912ರಲ್ಲಿ ಇಬ್ಬರೂ ಒಂದೇ ರಿಪಬ್ಲಿಕನ್ ಪಕ್ಷದ ಉಮೇದುವಾರಿಕೆಗಾಗಿ ಎದುರುಬದುರಾಗಿ ನಿಂತರು.

ಆಡಿಟೋರಿಯಮ್ ಮಂದಿರವು 1889ರಲ್ಲಿ ತೆರೆಯಿತು. ಕಟ್ಟಿದವರು ಆಡ್ಲರ್ ಮತ್ತು ಸಲಿವನ್ ಎಂಬ ಶಿಲ್ಪಿಗಳು. ಒಳಹೊಕ್ಕೊಡನೆಯೇ ಚಿನ್ನದ ಬಣ್ಣದ ಕಮಾನುಗಳು ಒಂದರ ಹಿಂದೊಂದು ಹಿಗ್ಗುತ್ತ ಬಂದು ಪ್ರೇಕ್ಷಕನನ್ನು ಆವರಿಸಿಕೊಳ್ಳುತ್ತವೆ; ಆ ಕಮಾನುಗಳಲ್ಲೆಲ್ಲ ವಿದ್ಯುದ್ದೀಪಗಳ ಸಾಲು. ಸುಮಾರು 4,000 ಜನ ಕೂಡಬಹುದು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ರಂಗಸ್ಥಳದ ಮಾತು ಕಟ್ಟಕಡೆಯ ಮೇಲಂತಸ್ತಿಗೂ ಸ್ಪಷ್ಟವಾಗಿ ಮುಟ್ಟಬೇಕೆಂಬುದೇ ಶಿಲ್ಪಿಗಳ ಗುರಿಯಾಗಿತ್ತು. ನಾವು ಮೇಲಿನ ಸಾಲಿನಲ್ಲಿ ಕುಳಿತಿದ್ದಾಗ ಕೆಳಗೆ ವೇದಿಕೆಯ ಮೇಲೆ ಕೆಲಸಗಾರರಿಬ್ಬರು ಆಡುತ್ತಿದ್ದ ಮಾತು ನಮ್ಮ ಪಕ್ಕದಲ್ಲಿಯೇ ಆಡಿದಂತೆ ಕೇಳಿಸಿತು.

1912ನೆಯ ಜೂನ್ 17ರ ರಾತ್ರಿ ರೂಸ್‌ವೆಲ್ಟರು ಈ ವೇದಿಕೆಯ ಮೇಲೆ ನಿಂತು, ನಾವು ಆರ್ಮಗೆಡ್ಡನ್ ರಣದಲ್ಲಿ ನಿಂತಿದ್ದೇವೆ, ನಾವು ಹೋರಾಡುತ್ತಿರುವುದು ಭಗವಂತನ ಪಕ್ಷದಲ್ಲಿ ಎಂಬ ಅರ್ಥದ ಮಾತಿನಿಂದ ಭಾಷಣವನ್ನು ಮುಗಿಸಿದರು. ಆರ್ಮಗೆಡ್ಡನ್ ಎಂಬುದು ಬೈಬಲ್ಲಿನ ಕಡೆಯ ಭಾಗದಲ್ಲಿ ಹೇಳಿರುವ ಅಂತ್ಯಕಾಲದ ಧರ್ಮಯುದ್ಧದ ಭೂಮಿ. ನಮ್ಮವರಿಗೆ ಕುರುಕ್ಷೇತ್ರವೆಂದರೆ ಹೇಗೋ ಅವರಿಗೆ ಅದು ಹಾಗೆ. ಸಭೆಯು ಹುಚ್ಚೆದ್ದಿತು. ಅಭ್ಯರ್ಥಿಯೊಬ್ಬನ ಮನಸ್ತಾಪವು ಒಂದೇ ವಾಕ್ಯದಿಂದ ಧರ್ಮಯುದ್ಧವಾಗಿಹೋಯಿತು. ವಾಕ್ಯಕ್ಕೆ ಇಂಥ ಶಕ್ತಿಯಿರುವುದನ್ನು ನಮ್ಮ ಆಲಂಕಾರಿಕರು ಬಲ್ಲರು. ಅದಕ್ಕಾಗಿಯೇ ಅವರು ಧ್ವನಿಯನ್ನು ಕುರಿತು ಅಷ್ಟೊಂದು ಎಚ್ಚರದಿಂದ ಬರೆದರು.

ಮರುದಿನ ಪಕ್ಷದ ಮಹಾಸಭೆಯು ಕಾಲಿಸಿಯಮ್ ಎಂಬ ಇನ್ನೊಂದು ಮಂದಿರದಲ್ಲಿ ಕೂಡಿತು. ಜಗಳ ನಡೆದೀತೆಂಬ ಭಯದಿಂದ ವೇದಿಕೆಯ ಸುತ್ತಣ ಬಣ್ಣದ ಬಟ್ಟೆಯ ಹಿಂದೆ ಮುಳ್ಳುತಂತಿಯನ್ನು ಬಿಗಿದಿದ್ದರಂತೆ! ಪ್ರತಿನಿಧಿಸ್ಥಾನಗಳಲ್ಲಿ 254 ವಿವಾದಕ್ಕೆ ಬಂದಿದ್ದವು. ಅವುಗಳಲ್ಲಿ 235ನ್ನು ಪಕ್ಷದ ಸಮಿತಿಯು ಟ್ಯಾಫ್ಟರ ಕಡೆಯವರಿಗೇ ಕೊಟ್ಟಿತು. ರೂಸ್‌ವೆಲ್ಟರ ಕಡೆಯವರು ಅನ್ಯಾಯವೆಂದು ಕೂಗಿ, ಬೇರೊಂದು ಪಕ್ಷವನ್ನೇ ಕಟ್ಟುವ ನಿಶ್ಚಯಕ್ಕೆ ಬಂದರು. ಅದೇ ಪ್ರೋಗ್ರೆಸಿವ್ ಪಕ್ಷ. ತಮ್ಮ ಮೈಬಲವನ್ನು ರೂಸ್‌ವೆಲ್ಟರು ಆ ದೇಶದ ‘ಮೂಸ್’ ಎಂಬ ಹೆಗ್ಗಡವೆಯ ಹೋರಿಗೆ ಹೋಲಿಸಿಕೊಂಡದ್ದರಿಂದ ಪಕ್ಷಕ್ಕೂ ಆ ಪ್ರಾಣಿಯ ಹೆಸರೇ ಬಿದ್ದಿತು.

ಕಾಲಿಸಿಯಮ್ಮನ್ನು ನೋಡಬೇಕಾದರೆ ರೂಸ್‌ವೆಲ್ಟ್ ನಿಲ್ದಾಣದಲ್ಲಿ ಇಳಿದು ವಬಾಷ್ ಬೀದಿಯಲ್ಲಿ ದಕ್ಷಿಣಕ್ಕೆ ನಡೆಯಬೇಕು. ನೋಡಬೇಕಾದರೆ ಎಂದೆವು, ಆದರೆ ನೋಡುವುದಕ್ಕೆ ಈಗ ಅಲ್ಲಿ ಏನೂ ಇಲ್ಲ. 1904ರಿಂದ 1920ರವರೆಗೆ ರಿಪಬ್ಲಿಕನ್ ಪಕ್ಷದ ಐದು ಮಹಾಸಭೆಗಳು ಒಂದರ ಮೇಲೊಂದರಂತೆ ನಡೆದ ಆ ಮಂದಿರವನ್ನು 1982ರಲ್ಲಿ ಕೆಡವಿದರು. ಅದರ ಮುಂಗೋಡೆಯದೇ ಒಂದು ವಿಚಿತ್ರ ಚರಿತ್ರೆ. ಅಂತರ್ಯುದ್ಧದ ಕಾಲದಲ್ಲಿ ದಕ್ಷಿಣದವರು ಉತ್ತರದ ಸೈನಿಕರನ್ನು ಸೆರೆಯಿಟ್ಟಿದ್ದ ರಿಚ್ಮಂಡ್ ನಗರದ ಲಿಬಿ ಬಂದೀಖಾನೆಯನ್ನು, ಮಿಠಾಯಿ ವ್ಯಾಪಾರದಿಂದ ಧನಿಕನಾದ ಒಬ್ಬ ಷಿಕಾಗೋ ಸಾಹುಕಾರನು 1889ರಲ್ಲಿ ಕಲ್ಲುಕಲ್ಲಾಗಿ ಬಿಚ್ಚಿಸಿ ತಂದು ಪ್ರದರ್ಶನಾಲಯವಾಗಿ ನಿಲ್ಲಿಸಿದ್ದನು. ಆ ವ್ಯಾಪಾರವು ಮುಗಿದ ಮೇಲೆ ಅದರ ಕೋಟೆಯಂಥ ಗೋಡೆಯನ್ನು ಉಳಿಸಿಕೊಂಡು ಹಿಂದೆ ಸಭಾಮಂದಿರವನ್ನು ಕಟ್ಟಿದರು. ಈಗ ಆ ನಿವೇಶನದಲ್ಲಿ ಜಪಾನೀ ಸಂಪ್ರದಾಯದ ಬೌದ್ಧರ ಒಂದು ಮಂದಿರವಿದೆ. ಅವರು ಸದ್ಧರ್ಮಪುಂಡರೀಕಸೂತ್ರದ ನಾಮವನ್ನೇ ಮಂತ್ರವಾಗಿ ಜಪಿಸುವವರು. ಆ ಮಂತ್ರದ ಮೊದಲ ಪದವು ನಮ್ಮ ‘ನಮಃ’ ಎಂಬುದೇ. ಆ ಸ್ಥಳದಲ್ಲಿ ಅದನ್ನು ನೆನೆದಾಗ ನಮಗಾದ ಸಂತೋಷವನ್ನು ಬಚ್ಚಿಡಲಾರೆವು.

ಬೀದಿಯ ಆಚೆಗೆ ಕಾಲಿಸಿಯಮ್ ಪಾರ್ಕು ಎಂಬ ನೀಳವಾದ ತುಂಡು ನೆಲವಿದೆ. ಹೆಸರು ಉಳಿದಿರುವುದು ಅಲ್ಲಿ ಮಾತ್ರ. ಜನರು ತಮ್ಮ ನಾಯಿಗಳನ್ನು ತಂದು ಆಡಲು ಬಿಡುತ್ತಾರೆ. ಅಲ್ಲಿದ್ದ ವೃದ್ಧರೊಬ್ಬರನ್ನು, ಎದುರಿಗಿದ್ದ ಮಂದಿರವು ತಮಗೆ ನೆನಪಿದೆಯೇ ಎಂದು ಕೇಳಿದೆವು. “ನೆನಪಿಲ್ಲದೆ ಏನು! ಗಾಲಿಬೂಟಿನ ಪಂದ್ಯಕ್ಕೆ ನಮ್ಮ ತಾಯಿ ಕರೆದುಕೊಂಡು ಬರುತ್ತಿದ್ದರು” ಎಂದರು. ರೂಸ್‌ವೆಲ್ಟರ ಮಾತನ್ನು ಎತ್ತಿದಾಗ, “ಆ ಹೆಸರಿನ ರಸ್ತೆ ಹಿಂದಕ್ಕೆ ಉಳಿಯಿತು, ಸ್ವಾಮಿ” ಎಂದು ಕೈತೋರಿಸಿದರು.

ಆದರೆ 1912ನೆಯ ಆಗಸ್ಟ್ 5ರಿಂದ 7ರವರೆಗೆ ಈ ಬೀದಿಯಲ್ಲಿ ಬೇರೊಂದು ಮಾತೇ ಇರಲಿಲ್ಲ. ಹೊಸ ಪಕ್ಷದ ಮಹಾಸಭೆಗೆ ಬಂದವರು ವೃತ್ತಿಯಿಂದ ರಾಜಕಾರಣಿಗಳಲ್ಲ. ಉಪಾಧ್ಯಾಯರು, ಪತ್ರಿಕಾಕರ್ತರು, ಪಾದ್ರಿಗಳು, ಬಡವರ ಕೇರಿಗಳಲ್ಲಿ ಸೇವೆಮಾಡುವ ಸ್ತ್ರೀಪುರುಷರು ಹೀಗೆ ಬಗೆಬಗೆಯ ಗೃಹಸ್ಥರು ಅಲ್ಲಿ ಸೇರಿದ್ದರು. ಕೈಯಲ್ಲಿ ಕೆಂಪು ಕರವಸ್ತ್ರ, ಬಾಯಲ್ಲಿ ಕ್ರೈಸ್ತರ ಭಜನೆಗೀತ. ಆಗಸ್ಟ್ 6ರಂದು ರೂಸ್‌ವೆಲ್ಟರು ವೇದಿಕೆಗೆ ಬಂದಾಗ ಸಭಿಕರು ಸುಮಾರು ಒಂದು ಗಂಟೆಯ ಹೊತ್ತು ಅವರಿಗೆ ಬಾಯಿ ತೆರೆಯಲು ಅವಕಾಶವನ್ನೇ ಕೊಡದೆ ಕೂಗಿದರು, ಹಾಡಿದರು, ಕುಣಿದರು. ಪತ್ರಿಕೆಯವರು ಗಡಿಯಾರ ಹಿಡಿದು ನಿಮಿಷಗಳನ್ನು ಎಣಿಸುತ್ತಿದ್ದರು. ರಸವು ಸಹೃದಯನ ಅಂತರಂಗದಲ್ಲಿ ಹುಟ್ಟುವುದೆಂದು ನಾವು ಓದಿದ್ದೆವು. ಅದನ್ನು ನಿಮಿಷಗಳಿಂದ ಅಳೆಯುವ ಕ್ರಮವನ್ನು ಅಮೆರಿಕನರಿಂದ ತಿಳಿದೆವು. ಆ ದೇಶದಲ್ಲಿ ಈಗಲೂ ಮಾಜಿ ಅಧ್ಯಕ್ಷರೊಬ್ಬರು ಪಕ್ಷದ ಮಹಾಸಭೆಯಲ್ಲಿ ಮಾತನಾಡಿದರೆ ಮರುದಿನ ಮೊದಲು ಹೊರಡುವ ವರದಿಯು ಚಪ್ಪಾಳೆಯದೇ.

ಭಾಷಣಕ್ಕೆ ಅವರು ಇಟ್ಟ ಹೆಸರು ‘ಶ್ರದ್ಧಾನಿವೇದನೆ’ ಎಂದು ಕನ್ನಡಿಸಬಹುದಾದದ್ದು. ಸ್ತ್ರೀಯರಿಗೆ ಮತಾಧಿಕಾರ, ಮಕ್ಕಳ ದುಡಿಮೆಯ ನಿಷೇಧ, ದುಡಿಯುವ ಹೆಂಗಸರ ರಕ್ಷಣೆ, ರೋಗ ಮುಪ್ಪು ನಿರುದ್ಯೋಗಗಳಿಗೆ ವಿಮೆ, ದೊಡ್ಡ ವ್ಯಾಪಾರಸಂಸ್ಥೆಗಳ ಮೇಲೆ ಸರಕಾರದ ಹತೋಟಿ ಮೊದಲಾದ ವಿಷಯಗಳು ಆ ಭಾಷಣದಲ್ಲಿಯೂ ಪಕ್ಷದ ಘೋಷಣಾಪತ್ರದಲ್ಲಿಯೂ ಬಂದವು. ಇವುಗಳಲ್ಲಿ ಸ್ತ್ರೀಮತಾಧಿಕಾರವು 1920ರಲ್ಲಿ ದೇಶಕ್ಕೆಲ್ಲ ಬಂದಿತು. ಮುಪ್ಪಿನ ವಿಮೆಯು 1935ರಲ್ಲಿ, ಮತ್ತೊಬ್ಬ ರೂಸ್‌ವೆಲ್ಟರ ಕಾಲದಲ್ಲಿ, ಶಾಸನವಾಯಿತು. ಆದುದರಿಂದ ಅಂದು ಕೂಗಿದವರೆಲ್ಲರೂ ಬರಿಯ ಆವೇಶದಿಂದ ಕೂಗಿದರೆಂದು ಹೇಳಲಾಗದು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಮಾತ್ರ ಇದು ರಾಜಕೀಯ ಸಭೆಯೇ ಅಲ್ಲ, ಮತಾವೇಶಗೊಂಡವರ ಕೂಟ ಎಂಬ ಭಾವದಲ್ಲಿ ಬರೆದು, ಹಿಂದಿನ ಕಾಲದ ಕ್ರೈಸ್ತ ಧರ್ಮಯುದ್ಧಕ್ಕೆ ಜನರನ್ನು ಹೊರಡಿಸಿದ ಪೀಟರ್ ಎಂಬ ಸಂನ್ಯಾಸಿಯ ಸಭೆಗೆ ಹೋಲಿಸಿತು. ಸಮಾಜವಾದಿಗಳ ಮುಖಂಡ ಡೆಬ್ಸರ ದೃಷ್ಟಿಯೇ ಬೇರೆ. ತಮ್ಮ ಪಕ್ಷದ ಕೆಂಪು ಬಾವುಟವನ್ನೇ ಇವರು ಕೆಂಪು ಕರವಸ್ತ್ರವಾಗಿ ಬೀಸುತ್ತಿದ್ದಾರೆಂಬುದು ಅವರ ಕುಚೋದ್ಯ.

ಹೊಗಳಿದವರೂ ನಗೆಯಾಡಿದವರೂ ಆಯಿತು. ಮಂದಿರದೊಳಕ್ಕೆ ಬರಗೊಡದೆ ತಡೆಯಲ್ಪಟ್ಟವರೂ ಇದ್ದರು.

ದಕ್ಷಿಣದ ಮಿಸಿಸಿಪಿ, ಅಲಬಾಮ, ಫ್ಲಾರಿಡ ಮೊದಲಾದ ಸಂಸ್ಥಾನಗಳಿಂದ ಆಫ್ರಿಕಾ ವಂಶದ ಪ್ರತಿನಿಧಿಗಳು ಈ ಸಭೆಗೆಂದು ಹೊರಟು ಬಂದಿದ್ದರು. ರೂಸ್‌ವೆಲ್ಟರು ಸಭೆಗೆ ಕೆಲವು ದಿನಗಳ ಮುಂಚೆಯೇ ಬರೆದ ಕಾಗದವೊಂದರಲ್ಲಿ, ದಕ್ಷಿಣದಲ್ಲಿ ಪಕ್ಷವನ್ನು ಬಿಳಿಯರ ಮುಖಂಡತ್ವದಲ್ಲಿಯೇ ಕಟ್ಟಬೇಕೆಂದು ತಿಳಿಸಿದ್ದರು. ಅಂತೆಯೇ ಆ ಪ್ರತಿನಿಧಿಗಳಿಗೆ ಸ್ಥಾನ ದೊರೆಯಲಿಲ್ಲ. ಉತ್ತರದ ಸಂಸ್ಥಾನಗಳಿಂದ ಬಂದ ಕಪ್ಪು ವರ್ಣದವರಿಗೆ ಮಾತ್ರ ಆಸನವಿತ್ತು. ಭಾಷಣದ ನಡುವೆ ಈ ವಿಷಯದ ಪ್ರಶ್ನೆಯು ಸಭೆಯಿಂದಲೇ ಬಂದಾಗ ರೂಸ್‌ವೆಲ್ಟರು ಬರೆದು ತಂದುದನ್ನು ಬದಿಗಿಟ್ಟು ಉತ್ತರ ಹೇಳಿದರು; ಉತ್ತರವು ಆ ಕಾಗದದ ಮಾತೇ. ಇದಕ್ಕೂ ಜಯಘೋಷವೇ ಆಯಿತು! 1901ರಲ್ಲಿ ಕಪ್ಪು ಜನಾಂಗದ ವಿದ್ಯಾಗುರು ಬುಕರ್ ವಾಷಿಂಗ್ಟನ್ನರನ್ನು ತಮ್ಮ ಭೋಜನದ ಪಂಕ್ತಿಗೆ ಕರೆದು ದಕ್ಷಿಣದವರ ಕೋಪಕ್ಕೆ ಪಾತ್ರರಾದವರು ಇವರೇ. 1906ರಲ್ಲಿ ಬ್ರೌನ್ಸ್‌ವಿಲ್ ಊರಿನ ಗಲಭೆಯ ನೆಪದಲ್ಲಿ, ಅಪರಾಧವು ಸಿದ್ಧವಾಗದಿದ್ದರೂ, 167 ಮಂದಿ ಕಪ್ಪು ಸೈನಿಕರನ್ನು ಒಟ್ಟಿಗೆ ಕೆಲಸದಿಂದ ತೆಗೆದವರೂ ಇವರೇ. ಯಾವುದು ನಿಜವಾದ ರೂಸ್‌ವೆಲ್ಟ್ ಎಂದು ಆ ಜನರು ಕೇಳಿದರೆ ತಪ್ಪೇನು?

ಡುಬಾಯ್ಸ್ ಎಂಬ ವಿದ್ವಾಂಸರು ಆಗ ‘ಕ್ರೈಸಿಸ್’ ಪತ್ರಿಕೆಯ ಸಂಪಾದಕರು. ಕಪ್ಪು ಜನರಿಗೂ ಸಮಾನ ಹಕ್ಕುಗಳಿರಬೇಕೆಂಬ ಒಂದು ನಿರ್ಣಯವನ್ನು ಅವರು ಬರೆದು ಮಿತ್ರರ ಕೈಯಲ್ಲಿ ಈ ಸಭೆಗೆ ಕಳುಹಿಸಿದ್ದರು. ಪಕ್ಷವು ಅದನ್ನು ತಿರಸ್ಕರಿಸಿತು. ಡುಬಾಯ್ಸರು ಬೇಸತ್ತು ಡೆಮೊಕ್ರಾಟಿಕ್ ಪಕ್ಷದ ವಿಲ್ಸನ್ನರಿಗೆ ಬೆಂಬಲವಿತ್ತರು. ವಿಲ್ಸನ್ನರ ಸರಕಾರವಾದರೋ 1913ರಿಂದ ಕಛೇರಿಗಳಲ್ಲಿ ಕಪ್ಪು ಬಿಳಿ ನೌಕರರನ್ನು ಬೇರೆಬೇರೆಯಾಗಿ ಕೂರಿಸಲು ತೊಡಗಿತು. ಆ ಕಾಲದಲ್ಲಿ ಅವರಿಗೆ ಎತ್ತ ತಿರುಗಿದರೂ ಇದೇ ಗತಿ.

ಮಂದಿರದೊಳಗೆ ಇದ್ದು ಈ ದುಃಖವನ್ನು ಅನುಭವಿಸಿದವರಲ್ಲಿ ಜೇನ್ ಆಡಮ್ಸ್ ಎಂಬ ಮಹಿಳೆಯು ಮುಖ್ಯರು. ಷಿಕಾಗೋವಿನ ಹಾಲ್‌ಸ್ಟೆಡ್ ಬೀದಿಯಲ್ಲಿ 1889ರಿಂದ ಹಲ್ ಹೌಸ್ ಎಂಬ ಸೇವಾಗೃಹವನ್ನು ನಡೆಸುತ್ತಿದ್ದವರು. ವಲಸೆ ಬಂದ ಬಡವರ ಮಕ್ಕಳಿಗೆ ತಾಯಿಯಂತಿದ್ದವರು. ಹೊರಗುಳಿದ ಪ್ರತಿನಿಧಿಗಳ ಪರವಾಗಿ ಅವರು ಸಭೆಯ ಮುಖ್ಯಸ್ಥರೊಡನೆ ವಾದಿಸಿ ಸೋತರು. ಘೋಷಣಾಪತ್ರದಲ್ಲಿ ವರ್ಷಕ್ಕೆ ಎರಡು ಯುದ್ಧನೌಕೆಗಳನ್ನು ಕಟ್ಟಬೇಕೆಂದಿದ್ದುದೂ ಶಾಂತಿವಾದಿಯಾದ ಆಕೆಗೆ ನುಂಗಲಾರದ ತುತ್ತಾಯಿತು. ಆದರೂ ಆಗಸ್ಟ್ 7ರಂದು ಎದ್ದು ನಿಂತು ರೂಸ್‌ವೆಲ್ಟರ ಹೆಸರನ್ನು ಅನುಮೋದಿಸಿ ಮಾತನಾಡಿದರು. ದೊಡ್ಡ ಜಯಘೋಷವಾಯಿತು. ಕೆಲವು ತಿಂಗಳಲ್ಲಿ ‘ಕ್ರೈಸಿಸ್’ ಪತ್ರಿಕೆಯಲ್ಲಿಯೇ ತಮ್ಮ ಮನಸ್ಸಿನ ತೊಳಲಾಟವನ್ನು ಲೇಖನವಾಗಿ ಬರೆದರು. ದುಡಿಯುವ ಮಕ್ಕಳ ಹಿತಕ್ಕಾಗಿ ಕಪ್ಪು ಜನರ ಅಪಮಾನವನ್ನು ಸಹಿಸಿದ್ದು ಸರಿಯೋ ಎಂದು ನಾವು ಇಲ್ಲಿ ಕುಳಿತು ತೀರ್ಪು ಹೇಳುವುದು ಸುಲಭ; ಆಕೆಗೆ ಅದು ಸುಲಭವಾಗಿರಲಿಲ್ಲ.

ನವೆಂಬರಿನಲ್ಲಿ ಮತಗಳನ್ನು ಎಣಿಸಿದಾಗ ವಿಲ್ಸನ್ನರಿಗೆ ಸುಮಾರು 63 ಲಕ್ಷ, ರೂಸ್‌ವೆಲ್ಟರಿಗೆ 41 ಲಕ್ಷ, ಟ್ಯಾಫ್ಟರಿಗೆ 35 ಲಕ್ಷ ಬಂದವು. ಚುನಾಯಕರ ಮತಗಳಾದರೋ ಕ್ರಮವಾಗಿ 435, 88, 8.

ನಾಲ್ಕು ವರ್ಷಗಳ ತರುವಾಯ, 1916ನೆಯ ಜೂನಿನಲ್ಲಿ, ಪ್ರೋಗ್ರೆಸಿವ್ ಪಕ್ಷದವರು ಮತ್ತೆ ಷಿಕಾಗೋವಿಗೆ ಬಂದರು. ಈ ಸಲ ಅವರು ಕೂಡಿದ್ದು ಆಡಿಟೋರಿಯಮ್ಮಿನಲ್ಲಿ, ಆ ಚಿನ್ನದ ಕಮಾನುಗಳ ಕೆಳಗೆಯೇ. ರೂಸ್‌ವೆಲ್ಟರು ತಮ್ಮ ಊರಾದ ಆಯ್ಸ್ಟರ್ ಬೇಯಲ್ಲಿ ಉಳಿದುಕೊಂಡು, ತಮ್ಮ ಬದಲಿಗೆ ಲಾಡ್ಜರನ್ನು ನಿಲ್ಲಿಸಬಹುದೆಂದು ಸೂಚಿಸಿದರು. ಲಾಡ್ಜರು 1912ರಲ್ಲಿ ಹೊಸ ಪಕ್ಷಕ್ಕೆ ಬಂದವರೇ ಅಲ್ಲ, ಅದರ ತತ್ತ್ವಗಳನ್ನು ಒಪ್ಪಿದವರೂ ಅಲ್ಲ. ಸಭೆಯು ಸಿಡಿದೆದ್ದು ರೂಸ್‌ವೆಲ್ಟರನ್ನೇ ಆರಿಸಿತು. ಅವರಿಂದ ಬಂದ ತಂತಿಯು ತಾವು ಈಗ ಒಪ್ಪಲಾರೆವೆಂದಿತು. ಧರ್ಮಯುದ್ಧಕ್ಕೆ ಕರೆದ ವೇದಿಕೆಯ ಮುಂದೆಯೇ ಯೋಧರು ಆ ಕಾಗದವನ್ನು ಕೇಳಿಸಿಕೊಳ್ಳಬೇಕಾಯಿತು. ರೂಸ್‌ವೆಲ್ಟರು ಬಳಿಕ ರಿಪಬ್ಲಿಕನ್ ಅಭ್ಯರ್ಥಿಗೆ ಬೆಂಬಲವಿತ್ತರು, ಪಕ್ಷವು ಚದುರಿಹೋಯಿತು.

ಆ ಮಂದಿರವನ್ನು 1946ರಲ್ಲಿ ಕೊಂಡವರು, ಮೊದಲು ಹೇಳಿದ ರೂಸ್‌ವೆಲ್ಟ್ ವಿದ್ಯಾಸಂಸ್ಥೆಯವರು. ಕಪ್ಪು ಜನರನ್ನೂ ಯಹೂದ್ಯರನ್ನೂ ಎಣಿಸಿ ಮಿತಿ ಹಾಕುವುದಕ್ಕೆ ಒಪ್ಪದೆ ಹಳೆಯ ಕಾಲೇಜೊಂದನ್ನು ಬಿಟ್ಟುಬಂದ ಅಧ್ಯಾಪಕರು ಕಟ್ಟಿದ ಸಂಸ್ಥೆ ಅದು. ಮುಂದಿರುವ ರಸ್ತೆಗೆ ಈಗ ಐಡ ಬಿ. ವೆಲ್ಸರ ಹೆಸರು. ದಾಸ್ಯದಲ್ಲಿ ಹುಟ್ಟಿ, ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವುದರ ವಿರುದ್ಧ ಜೀವಮಾನವೆಲ್ಲ ಬರೆದ ಪತ್ರಿಕಾಕರ್ತೆ ಅವರು. 2018ರಲ್ಲಿ ನಗರಸಭೆಯು ಆ ಹೆಸರನ್ನು ಗೊತ್ತುಮಾಡಿತು.

ಹಲ್ ಹೌಸಿನ ಹದಿಮೂರು ಕಟ್ಟಡಗಳಲ್ಲಿ ಎರಡು ಮಾತ್ರ ಉಳಿದು ಈಗ ಪ್ರದರ್ಶನಾಲಯವಾಗಿವೆ. ಹೋದವರು ಆಡಮ್ಸರ ಕೋಣೆಯನ್ನು ನೋಡಬಹುದು. 1912ರಲ್ಲಿ ರೂಸ್‌ವೆಲ್ಟರ ಹೆಸರನ್ನು ಅನುಮೋದಿಸಿದಾಗ ಆಕೆಗೆ ಅವರಿಗೆ ಮತ ಕೊಡುವ ಹಕ್ಕಿರಲಿಲ್ಲ. ಇಲಿನಾಯ್ ಸಂಸ್ಥಾನದ ಸ್ತ್ರೀಯರಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಮತವು ಸಿಕ್ಕಿದ್ದು ಮರುವರ್ಷ. 1916ರಲ್ಲಿ ಆ ಹಕ್ಕು ಕೈಯಲ್ಲಿದ್ದಾಗ ಆಕೆಯ ಬೆಂಬಲವು ವಿಲ್ಸನ್ನರಿಗೆ ಹೋಯಿತು.