ಕಡಲಿಲ್ಲದ ಊರಿನ ಹಡಗು

ನಮ್ಮ ಕಲಬುರಗಿಗೂ ಕಡಲಿಗೂ ಏನು ನಂಟು? ಭೂಪಟವನ್ನು ಹರಡಿ ನೋಡಿದರೆ ಪೂರ್ವದ ಕಡಲೂ ದೂರ, ಪಶ್ಚಿಮದ ಕಡಲೂ ದೂರ. ಗಾಜಿಪುರದ ಓಣಿಯಲ್ಲಿ ಹುಟ್ಟಿ ಬೆಳೆದ ನನ್ನಂಥವರು ಕಂಡ ದೊಡ್ಡ ನೀರೆಂದರೆ ಶರಣಬಸವೇಶ್ವರ ಗುಡಿಯ ಬಳಿಯ ಅಪ್ಪನ ಕೆರೆ. ಅದು ಬಿಟ್ಟರೆ ಮಳೆಗಾಲದಲ್ಲಿ ಮೈದುಂಬಿ ಹರಿಯುವ ಭೀಮಾ ಹೊಳೆ. ಜೋಳ ತೊಗರಿಗಳ ಈ ನಾಡಿನಲ್ಲಿ ಹಡಗೆಂಬುದು ಕಥೆಯಲ್ಲಿ ಕೇಳುವ ಮಾತೇ ಹೊರತು ಕಣ್ಣಿಗೆ ಬೀಳುವ ವಸ್ತುವಲ್ಲ. ಹೀಗಿರುವಾಗ ಈ ಸಂಚಿಕೆಗೆ ಸಯಾಮಿನ ಸಮರನೌಕೆಗಳ ವಿಷಯ ಬರೆಯಹೊರಟಿದ್ದೇನೆಂದು ಕೇಳಿ ಗೆಳೆಯರು ನಕ್ಕರು. ನಗಲಿ. ನಕ್ಕ ಮೇಲೆ ಒಮ್ಮೆ ಓದಲಿ ಎಂಬುದಷ್ಟೇ ನನ್ನ ಬಿನ್ನಹ.

ಈ ಹುಚ್ಚು ಹತ್ತಿದ್ದು ನನ್ನ ತಮ್ಮನ ದೆಸೆಯಿಂದ. ಅವನು ನೌಕಾಪಡೆಗೆ ಆಯ್ಕೆಯಾಗಿ, ಒಡಿಶಾದ ಚಿಲ್ಕಾದಲ್ಲಿ ತರಬೇತಿ ಮುಗಿಸಿ, ಈಗ ಹಡಗೊಂದರ ಮೇಲಿದ್ದಾನೆ. ಮನೆತನದಲ್ಲಿ ಉಪ್ಪು ನೀರನ್ನು ಮೊದಲು ಕಂಡವನು ಅವನೇ. ಅವನ ಫೋನು ಬಾರದ ದಿನಗಳಲ್ಲಿ ಅವ್ವನಿಗೆ ಒಂದೇ ಚಿಂತೆ. ಒಂದು ದಿನ ಜೋಳ ಹಸನು ಮಾಡುತ್ತ ಕುಳಿತವಳು, "ಅಂವ ನಿಂತ ಹಡಗ ಯಾರದೋ?" ಎಂದು ಕೇಳಿದಳು. "ಸರಕಾರದ್ದು" ಎಂದೆ. "ಸರಕಾರದ್ದಂದ್ರ ಯಾರದು? ನಮಗ ಅದಕ್ಕ ಏನು ಸಂಬಂಧ ಅದ?" ಎಂದಳು. ಅಕ್ಷರ ಬಾರದವಳ ಪ್ರಶ್ನೆಯೆಂದು ತಳ್ಳಿಬಿಡಬಹುದಿತ್ತು. ಆದರೆ ತಮ್ಮನ ಜೀವ ಆ ಹಡಗಿನ ಮೇಲಿದ್ದುದರಿಂದ ಹಾಗೆ ತಳ್ಳಲು ನನಗಾಗಲಿಲ್ಲ. ಹಡಗು ಯಾರದು? ಕಟ್ಟಿದವರದೋ, ಹಣ ಕೊಟ್ಟವರದೋ, ಹೆಸರಿಟ್ಟವರದೋ, ಅಥವಾ ಅದರ ಮೇಲೆ ನಿಂತವರದೋ? ಇದನ್ನು ಹಿಡಿದುಕೊಂಡು ಪುಸ್ತಕಗಳ ಬೆನ್ನು ಹತ್ತಿದೆ.

ಓದುತ್ತ ಹೋದವನು ಬ್ರಿಟನ್ ಜಪಾನುಗಳ ದೈತ್ಯ ನೌಕೆಗಳನ್ನು ದಾಟಿ, ಸಯಾಮಿನ, ಎಂದರೆ ಈಗಿನ ಥಾಯ್ಲೆಂಡಿನ, ಪುಟ್ಟ ನೌಕಾಪಡೆಯ ಎದುರು ನಿಂತುಬಿಟ್ಟೆ. ನಿಲ್ಲಿಸಿದ್ದು ಹೆಸರುಗಳು. ಅಲ್ಲಿಯ ಒಂದು ಯುದ್ಧನೌಕೆಯ ಹೆಸರು ಶ್ರೀ ಅಯುಧ್ಯಾ. ನಮ್ಮ ಅಯೋಧ್ಯೆಯೇ ಅದು. ಅದರ ಜೋಡಿಯ ಹೆಸರು ಥೊನ್‌ಬುರಿ. ಬಿಡಿಸಿ ನೋಡಿದರೆ ಧನಪುರಿ. ಚೋನ್‌ಬುರಿ ಎಂದರೆ ಜಲಪುರಿ. ಒಂದು ಜಲಾಂತರ್ಗಾಮಿಯ ಹೆಸರು ಮಚ್ಚಾನು. ಆ ದೇಶದ ರಾಮಾಯಣದಲ್ಲಿ ಅವನು ಹನುಮಂತನಿಗೂ ಮತ್ಸ್ಯಕನ್ಯೆಗೂ ಹುಟ್ಟಿದ ಮಗ, ನಮ್ಮ ಕಡೆಯ ಕಥೆಗಳ ಮಕರಧ್ವಜನ ಸಮಾನ. ನೀರೊಳಗೆ ಮುಳುಗಿ ಏಳುವ ನೌಕೆಗೆ ಇದಕ್ಕಿಂತ ಒಪ್ಪುವ ಹೆಸರುಂಟೆ? ಹೆಸರು ಹೀಗೆ ನಮ್ಮ ನೆಂಟರದಾದರೂ ಒಡಲು ಮಾತ್ರ ಅವರದಲ್ಲ. ಶ್ರೀ ಅಯುಧ್ಯಾ, ಥೊನ್‌ಬುರಿಗಳೂ ಮಚ್ಚಾನುವೂ ಜಪಾನಿನ ಕೋಬೆಯಲ್ಲಿ ತಯಾರಾದವು; ಚೋನ್‌ಬುರಿ ಇಟಲಿಯಲ್ಲಿ. ಇಟಲಿಗೆ ಹೇಳಿ ಮಾಡಿಸುತ್ತಿದ್ದ ಇನ್ನೆರಡು ಕ್ರೂಸರುಗಳಿಗೆ ನರೇಸುವಾನ್, ತಾಕ್ಸಿನ್ ಎಂಬ ತಮ್ಮ ಅರಸರ ಹೆಸರನ್ನು ಥಾಯ್ ಜನ ಇಟ್ಟಿದ್ದರು. ಯುದ್ಧಕಾಲದಲ್ಲಿ ಇಟಲಿ ಅವನ್ನು ತನಗೇ ಇಟ್ಟುಕೊಂಡು ಎಟ್ನಾ, ವೆಸುವಿಯೊ ಎಂದು ತನ್ನ ಅಗ್ನಿಪರ್ವತಗಳ ಹೆಸರಿಟ್ಟಿತು. ಅವು ಕೊನೆಗೂ ಪೂರ್ಣವಾಗಲಿಲ್ಲ. ಅರಸರ ಹೆಸರೂ ಇಲ್ಲ, ಪರ್ವತದ ಹೆಸರೂ ಇಲ್ಲ.

ಥೊನ್‌ಬುರಿಯ ಕಥೆಯನ್ನು ತುಸು ವಿಸ್ತಾರವಾಗಿ ಹೇಳಬೇಕು. 1938ರಲ್ಲಿ ಸಿದ್ಧವಾದ, 2,265 ಟನ್ನಿನ ಈ ಹಡಗು ಗಾತ್ರದಲ್ಲಿ ಚಿಕ್ಕದು, ತೋಪಿನಲ್ಲಿ ದೊಡ್ಡದು. 8 ಅಂಗುಲದ ನಾಲ್ಕು ತೋಪುಗಳು ಅದರ ಮೇಲಿದ್ದವು. ವೇಗ ಮಾತ್ರ ಸುಮಾರು 15 ನಾಟು. ನಮ್ಮ ಕೋಟೆಯ ಬಾರಾ ಗಜಿ ತೋಪನ್ನು ಎತ್ತಿನ ಬಂಡಿಯ ಮೇಲೆ ಕೂರಿಸಿದಂತೆ ಎಂದು ನನಗೆ ತೋರಿತು. ಫ್ರೆಂಚ್ ಇಂಡೋಚೀನದೊಡನೆ ಗಡಿಯ ಜಗಳ ಹತ್ತಿದ್ದ ಕಾಲ. 1941ರ ಜನವರಿ 17ರ ಬೆಳಗಿನ ಜಾವ ಕೋ ಚಾಂಗ್ ದ್ವೀಪದ ಬಳಿ ಫ್ರೆಂಚರ ಐದು ನೌಕೆಗಳು ಥಾಯ್ ನೌಕೆಗಳ ಮೇಲೆ ಎರಗಿದವು. ಲಂಗರು ಹಾಕಿ ನಿಂತಿದ್ದ ಸೊಂಗ್‌ಖ್ಲಾ, ಚೋನ್‌ಬುರಿ ಎಂಬ ಟಾರ್ಪೆಡೊ ದೋಣಿಗಳು ಮೊದಲು ಮುಳುಗಿದವು. ಆಮೇಲೆ ಥೊನ್‌ಬುರಿಯ ಸರದಿ. ಎದುರಾಳಿ ಲಾಮೊತ್ ಪಿಕೆ ಎಂಬ ಕ್ರೂಸರಿನ ವೇಗ ಇದರ ಎರಡರಷ್ಟು. ನಡೆಸುಗಟ್ಟೆಗೆ ಗುಂಡು ಬಡಿದು ಕಪ್ತಾನನೇ ಮಡಿದ. ಹಡಗಿಗೆ ಬೆಂಕಿ ಹತ್ತಿತು. ಆದರೂ ತೋಪುಗಳು ಹಾರುತ್ತಲೇ ಇದ್ದವು. ಕೊನೆಗೆ ಹಡಗು ನೆಲ ಕಚ್ಚಿ ಮಗುಚಿಕೊಂಡಿತು. ಥಾಯ್ ಕಡೆ ಆ ಬೆಳಗು ಸತ್ತವರು 36 ಮಂದಿ. ಅದರ ನಡೆಸುಗಟ್ಟೆಯನ್ನೂ ಮುಂದಿನ ತೋಪನ್ನೂ ಅಲ್ಲಿಯ ನೌಕಾ ವಿದ್ಯಾಲಯದಲ್ಲಿ ಇಂದಿಗೂ ಕಾಪಾಡಿಕೊಂಡಿದ್ದಾರೆ. ಸೋತ ಹಡಗಿಗೆ ಇಷ್ಟು ಮರ್ಯಾದೆ ಏತಕ್ಕೆ? ಅದು ತಮ್ಮದೆಂದು ಆ ಜನರಿಗೆ ಗೊತ್ತು, ಅದಕ್ಕೆ.

ಆದರೆ ತಮ್ಮದೆಂದ ಮಾತ್ರಕ್ಕೆ ಎಲ್ಲ ನೇರ್ಪಾಗುವುದಿಲ್ಲ ಎಂಬುದಕ್ಕೆ ಜೋಡಿ ಹಡಗೇ ಸಾಕ್ಷಿ. 1951ರ ಜೂನ್ ಕೊನೆಯಲ್ಲಿ ನೌಕಾಪಡೆಯ ಕೆಲವರು ದಂಗೆಯೆದ್ದು, ಪ್ರಧಾನಿ ಫಿಬೂನ್ ಅವರನ್ನು ಹಿಡಿದು ತಂದು ಶ್ರೀ ಅಯುಧ್ಯಾದ ಮೇಲೆ ಸೆರೆಯಿಟ್ಟರು. ಪ್ರಧಾನಿ ಮೇಲಿರುವಾಗಲೇ ಅದೇ ದೇಶದ ವಾಯುಪಡೆ ಹಡಗಿಗೆ ಬಾಂಬು ಹಾಕಿತು. ಪ್ರಧಾನಿ ಹೊಳೆಯಲ್ಲಿ ಈಜಿ ದಡ ಸೇರಿದರು, ಹಡಗು ಮುಳುಗಿತು. ಪರದೇಶದವರ ಯುದ್ಧವನ್ನೆಲ್ಲ ದಾಟಿ ಬಂದ ಹಡಗು ಮನೆಯವರ ಕೈಯಲ್ಲೇ ಹೋಯಿತು. ಇದಕ್ಕೆ ಪ್ರತಿಯಾಗಿ ಜಲಾಂತರ್ಗಾಮಿಗಳ ಒಂದು ಸಂಗತಿಯನ್ನು ಹೇಳಿದರೆ ಮನಸ್ಸು ಹಗುರಾಗುತ್ತದೆ. 1945ರಲ್ಲಿ ಬಾಂಬಿನ ದಾಳಿಗೆ ಬ್ಯಾಂಕಾಕಿನ ವಿದ್ಯುದಾಗಾರಗಳು ಕೆಟ್ಟುಹೋದಾಗ, ಎರಡು ಜಲಾಂತರ್ಗಾಮಿಗಳು ದಡಕ್ಕೆ ಬಂದು ನಿಂತು ತಮ್ಮ ಯಂತ್ರಗಳಿಂದ ಪಟ್ಟಣಕ್ಕೆ ವಿದ್ಯುತ್ತು ಕೊಟ್ಟವು. ಕೊಲ್ಲಲೆಂದು ಮಾಡಿದ ಯಂತ್ರ ದೀಪ ಹಚ್ಚಿತು. ಮಚ್ಚಾನು ಅವುಗಳಲ್ಲಿ ಒಂದು.

ಇಲ್ಲಿಯ ತನಕ ಇದು ಪರರ ಕಥೆ. ಪ್ರಾಸೇ ಎಂಬ ಹಡಗಿನ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ನಮ್ಮ ದೇಶ ಕಾಣಿಸಿಕೊಂಡಿತು. ಬ್ರಿಟಿಷರು ಯುದ್ಧಕಾಲದಲ್ಲಿ ಹೂಗಿಡಗಳ ಹೆಸರಿನ ಸಣ್ಣ ಕಾವಲು ನೌಕೆಗಳನ್ನು ನೂರಾರು ಕಟ್ಟಿದರು. ಅವುಗಳಲ್ಲಿ 1943ರಲ್ಲಿ ನೀರಿಗಿಳಿದ ಬೆಟೊನಿ, ಬರ್ನೆಟ್ ಎಂಬ ಎರಡು 1945ರಲ್ಲಿ ರಾಯಲ್ ಇಂಡಿಯನ್ ನೇವಿಗೆ ಬಂದು ಸಿಂಧ್, ಗೊಂಡ್ವಾನಾ ಎನಿಸಿಕೊಂಡವು. 1947ರಲ್ಲಿ ಥಾಯ್ ನೌಕಾಪಡೆ ಸೇರಿ ಪ್ರಾಸೇ, ಬಾಂಗ್‌ಪಕೊಂಗ್ ಎಂದು ಅಲ್ಲಿಯ ಹೊಳೆಗಳ ಹೆಸರು ಹೊತ್ತವು. ಐದು ವರ್ಷದೊಳಗೆ ಒಂದೇ ಹಡಗಿಗೆ ಹೂವಿನ ಹೆಸರು, ನಾಡಿನ ಹೆಸರು, ಹೊಳೆಯ ಹೆಸರು! ಸಿಂಧ್ ಎಂಬ ಹೆಸರು ಹಡಗಿನಿಂದ ಅಳಿಸಿಹೋದ ವರ್ಷವೇ ಸಿಂಧ್ ಪ್ರಾಂತವೂ ನಮ್ಮಿಂದ ಬೇರೆಯಾಯಿತು. ಮುಂದೆ ಕೊರಿಯಾ ಯುದ್ಧಕ್ಕೆ ಹೋದ ಪ್ರಾಸೇ 1951ರ ಜನವರಿ 7ರಂದು ಹಿಮಗಾಳಿಗೆ ಸಿಕ್ಕು ಶತ್ರುಗಳ ದಡದಲ್ಲಿ ನೆಲ ಹತ್ತಿತು. ಎಳೆದರೂ ಬಾರಲಿಲ್ಲ. ನಾವಿಕರನ್ನು ಹೊರತಂದ ಮೇಲೆ ಸ್ವಪಕ್ಷದವರೇ ಅದನ್ನು ಗುಂಡು ಹಾಕಿ ನಾಶಮಾಡಿದರು. ಹಿಮವನ್ನೇ ಕಾಣದ ನಾಡಿನ ಹುಡುಗರು ಆ ಹಿಮದಲ್ಲಿ ನಿಂತಿದ್ದನ್ನು ನೆನೆದಾಗಲೆಲ್ಲ ನನಗೆ ತಮ್ಮನ ನೆನಪು ಬರುತ್ತದೆ. ಅವನೂ ಕಡಲನ್ನೇ ಕಾಣದ ಊರಿನವನಲ್ಲವೆ?

ಸಯಾಮಿನ ಇನ್ನೊಂದು ಹಡಗು ನನ್ನನ್ನು ನೇರ ನಮ್ಮೂರಿಗೆ ತಂದು ಬಿಟ್ಟಿತು. ಅದರ ಹೆಸರು ಫ್ರಾ ರುವಾಂಗ್. ಬ್ರಿಟಿಷರ ರೇಡಿಯಂಟ್ ಎಂಬ ವಿಧ್ವಂಸಕ ನೌಕೆಯನ್ನು 1920ರಲ್ಲಿ ಕೊಂಡದ್ದು. ಇದನ್ನು ಕೊಂಡದ್ದು ಜನರ ವಂತಿಗೆಯಿಂದ. ಅರಸನೂ ಕೊಟ್ಟ, ಪ್ರಜೆಗಳೂ ಕೊಟ್ಟರು. ರಾಜಕುಮಾರನೊಬ್ಬ ಇಂಗ್ಲೆಂಡಿಗೆ ಹೋಗಿ ತಾನೇ ಅದನ್ನು ನಡೆಸಿಕೊಂಡು ಬಂದ. ಕೊಟ್ಟವನಿಗೆ ತಾನು ಕೊಟ್ಟದ್ದು ಏತಕ್ಕೆಂದು ತಿಳಿದಿತ್ತು. ಬಂದರಿಗೆ ಹಡಗು ಬಂದಾಗ, ಇದರಲ್ಲಿ ನನ್ನದೂ ಒಂದು ಮೊಳೆ ಇದೆ ಎನ್ನಬಹುದಿತ್ತು.

ನಮ್ಮಲ್ಲಿ? ಎರಡನೆಯ ಮಹಾಯುದ್ಧದ ಕಾಲಕ್ಕೆ ಕಲಬುರಗಿ ಹೈದರಾಬಾದು ಸಂಸ್ಥಾನದಲ್ಲಿತ್ತು. ಅರಸರು ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್. ಯುದ್ಧಕ್ಕೆ ಅವರು ಬ್ರಿಟಿಷರಿಗೆ ಧಾರಾಳವಾಗಿ ಹಣ ಕೊಟ್ಟರು. ಅದರ ಗುರುತಾಗಿ ಒಂದು ವಿಧ್ವಂಸಕ ನೌಕೆಗೆ ನಿಜಾಮ್ ಎಂಬ ಹೆಸರು ಬಂತು. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ಕಟ್ಟಿ 1940ರ ಜುಲೈನಲ್ಲಿ ನೀರಿಗಿಳಿಸಿದ ಈ ನೌಕೆ, 1941ರ ಜನವರಿಯಲ್ಲಿ, ಥೊನ್‌ಬುರಿ ಮಡಿದ ಅದೇ ತಿಂಗಳಲ್ಲಿ, ಆಸ್ಟ್ರೇಲಿಯಾದ ನಾವಿಕರ ಕೈಗೆ ಬಂತು. ಅದರ ಒಡಹುಟ್ಟಿದ ನೌಕೆಯೊಂದಕ್ಕೆ ನೇಪಾಳ ಎಂದು ಹೆಸರು. ಅದೂ ನಮ್ಮಂತೆ ಕಡಲಿಲ್ಲದ ನಾಡು. ನಿಜಾಮ್ ಕ್ರೀಟ್ ದ್ವೀಪದ ಯುದ್ಧದಲ್ಲಿತ್ತು. ಮುತ್ತಿಗೆಯೊಳಗಿದ್ದ ತೊಬ್ರೂಕಿಗೆ ಸಾಮಾನು ಸಾಗಿಸಿತು. ಹಿಂದೂ ಮಹಾಸಾಗರದಲ್ಲಿ ಕಾವಲಿತ್ತು. 1945ರ ಸೆಪ್ಟೆಂಬರ್ 2ರಂದು ಜಪಾನು ಶರಣಾಗತಿಗೆ ಸಹಿ ಹಾಕಿದಾಗ ಟೋಕಿಯೋ ಕೊಲ್ಲಿಯಲ್ಲಿ ನಿಂತಿತ್ತು. ಆಮೇಲೆ ಬ್ರಿಟಿಷರಿಗೆ ಹಿಂದಿರುಗಿ, 1950ರ ದಶಕದಲ್ಲಿ ಗುಜರಿಯಾಯಿತು.

ಈ ಹಡಗಿನ ವಿಷಯ ಗಾಜಿಪುರದ ಹಿರಿಯರನ್ನು ಕೇಳಿದೆ. ಕೇಳಿದವರೊಬ್ಬರೂ ಇರಲಿಲ್ಲ. ತೊಂಬತ್ತು ದಾಟಿದ ಅಜ್ಜರೊಬ್ಬರು ಮಾತ್ರ, "ಹಡಗ ಗೊತ್ತಿಲ್ಲಪ್ಪಾ, ಲೆವಿ ಗೊತ್ತದ. ಲಡಾಯಿ ಕಾಲದಾಗ ಕಣದಾಗಿನ ಜೋಳ ಅಳದು ಒಯ್ದ್ರು" ಎಂದರು. ಆ ಜೋಳಕ್ಕೂ ಈ ಹಡಗಿಗೂ ನೇರ ಲೆಕ್ಕ ಕೂಡಿಸುವುದು ನ್ಯಾಯವಲ್ಲ. ಕಾಲ ಮಾತ್ರ ಒಂದೇ. ಆದರೆ ಅರಸನ ಬೊಕ್ಕಸದ ಹಣ ಆಕಾಶದಿಂದ ಉದುರುವುದಿಲ್ಲವಷ್ಟೆ? ಅದು ಭೂಮಿಯಿಂದ, ಭೂಮಿ ಉತ್ತವನ ಬೆವರಿನಿಂದ ಬರುತ್ತದೆ. ಸಯಾಮಿನ ಪ್ರಜೆಯನ್ನು ಕೇಳಿ ಪಡೆದರು. ನಮ್ಮ ರೈತನನ್ನು ಯಾರೂ ಕೇಳಲಿಲ್ಲ, ಕೊಟ್ಟ ಮೇಲೂ ಯಾರೂ ಹೇಳಲಿಲ್ಲ.

ಇದರ ಇನ್ನೊಂದು ಮಗ್ಗುಲೂ ಉಂಟು. 1945ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ನೈಋತ್ಯ ಮೂಲೆಯ ಲೂವಿನ್ ಭೂಶಿರದ ಬಳಿ ನಿಜಾಮ್ ನೌಕೆಗೆ ಒಂದು ರಾಕ್ಷಸ ಅಲೆ ಬಡಿಯಿತು. ಹಡಗು ಪಕ್ಕಕ್ಕೆ ಒರಗಿ, ಹೇಗೋ ಮತ್ತೆ ಎದ್ದು ನಿಂತಿತು. ಅಷ್ಟರಲ್ಲಿ ಹತ್ತು ಮಂದಿ ನಾವಿಕರು ಕಡಲು ಪಾಲಾಗಿದ್ದರು. ಶತ್ರುವಿಲ್ಲ, ತೋಪಿಲ್ಲ, ಬರೀ ನೀರು. ನಮ್ಮ ಅರಸನ ಹೆಸರು ಹೊತ್ತ ಹಡಗಿನಿಂದ ಬಿದ್ದು ಹೋದ ಆ ಹತ್ತು ಜನರಿಗೆ ಕಲಬುರಗಿ ಎಂಬ ಊರಿದೆಯೆಂದು ತಿಳಿದಿತ್ತೋ ಇಲ್ಲವೋ. ನಮಗಂತೂ ಅವರ ಸುದ್ದಿ ತಲುಪಲಿಲ್ಲ. ಹಣ ಕೊಟ್ಟವರು ಒಂದು ಕಡೆ, ಹೆಸರು ಪಡೆದವರು ಒಂದು ಕಡೆ, ಜೀವ ಕೊಟ್ಟವರು ಮತ್ತೊಂದು ಕಡೆ. ಹಡಗು ಯಾರದು ಎಂಬ ಅವ್ವನ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟು: ಈ ಮೂವರಿಗೂ ಪರಸ್ಪರ ಪರಿಚಯವಿದ್ದರೆ ಮಾತ್ರ ಹಡಗು ಒಬ್ಬರದಾಗುತ್ತದೆ, ಇಲ್ಲವಾದರೆ ಅದು ಯಾರದೂ ಅಲ್ಲ.

1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ನಾವು ಕನ್ನಡ ನಾಡಿಗೆ ಸೇರಿದೆವು. ಮರುವರ್ಷವೇ, 1957ರ ಆಗಸ್ಟಿನಲ್ಲಿ, ಭಾರತದ ನೌಕಾಪಡೆ ಬ್ರಿಟಿಷರಿಂದ ಕೊಂಡ ನೈಜೀರಿಯಾ ಎಂಬ ಕ್ರೂಸರು ಮೈಸೂರು ಎಂಬ ಹೆಸರು ಹೊತ್ತು, ಗಂಡಭೇರುಂಡದ ಲಾಂಛನದೊಡನೆ ನಮ್ಮದಾಯಿತು. ಅದೂ ಹಳೆಯ ಒಡಲಿಗೆ ಹೊಸ ಹೆಸರೇ. ಆದರೆ ವ್ಯತ್ಯಾಸವೊಂದುಂಟು: ಈಗ ಹಡಗಿನ ಖರ್ಚು ವೆಚ್ಚಗಳು ಸಂಸತ್ತಿನ ಎದುರಿಗೆ ಬರುತ್ತವೆ, ಅಲ್ಲಿಗೆ ನಮ್ಮೂರಿನಿಂದಲೂ ಒಬ್ಬರು ಹೋಗುತ್ತಾರೆ, ಅವರನ್ನು ಅವ್ವನೂ ಬೆರಳಿಗೆ ಮಸಿ ಹಚ್ಚಿಸಿಕೊಂಡು ಆರಿಸುತ್ತಾಳೆ. ಕೇಳುವ ಹಕ್ಕು ಬಂದಿದೆ. ಇನ್ನು ಕೇಳುವ ಅಭ್ಯಾಸ ಬರಬೇಕು.

ಆದ್ದರಿಂದ ಗೆಳೆಯರೇ, ಕಡಲಿಲ್ಲದ ಊರಿನವರಿಗೆ ಹಡಗಿನ ಗೊಡವೆ ಏಕೆಂದು ಕೇಳಬೇಡಿ. ನಾವು ಒಂದು ಕಡ್ಡಿಪೆಟ್ಟಿಗೆ ಕೊಳ್ಳುವಾಗಲೂ ಕೊಡುವ ತೆರಿಗೆಯ ಒಂದು ಪಾಲು ಎಲ್ಲೋ ಒಂದು ಹಡಗಿನ ಮೊಳೆಯಾಗಿದೆ. ನಮ್ಮ ಓಣಿಗಳ ಹುಡುಗರು ಅದರ ಅಟ್ಟದ ಮೇಲೆ ರಾತ್ರಿಯ ಕಾವಲು ನಿಂತಿದ್ದಾರೆ. ಅದು ಎಲ್ಲಿಗೆ ಹೋಗುತ್ತದೆ, ಏತಕ್ಕೆ ಹೋಗುತ್ತದೆ, ಅದರ ಮೇಲೆ ಯಾರಿದ್ದಾರೆ ಎಂದು ವಿಚಾರಿಸುವುದು ಕಡಲ ದಡದವರ ಕೆಲಸವಷ್ಟೇ ಅಲ್ಲ. ತೊಗರಿ ಹೊಲದ ಬದುವಿನ ಮೇಲೆ ನಿಂತವರ ಕೆಲಸವೂ ಹೌದು.