ಕಬ್ಬಿನ ಸಿಪ್ಪೆಗೆ ವಾರಸುದಾರರು ಎಷ್ಟು ಜನ?

‘ಕಸದಿಂದ ರಸ’ ಎಂಬುದು ನಾಡಿನ ಮಾತು. ಬಾಗಲಕೋಟೆ ಜಿಲ್ಲೆಯ ಕಬ್ಬಿನ ಸೀಮೆಯಲ್ಲಿ ಮಾತ್ರ ಈ ಮಾತು ತಿರುವುಮುರುವು. ಇಲ್ಲಿ ಮೊದಲು ರಸ, ಆಮೇಲೆ ಕಸ. ಹಂಗಾಮು ಶುರುವಾಯಿತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳದೇ ಸಾಲು. 1989ರಲ್ಲಿ ಚಿಕ್ಕಪಡಸಲಗಿಯ ಬಳಿ ರೈತರು ತಮ್ಮ ದುಡ್ಡು ಹಾಕಿ, ಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿಕೊಂಡರು. ನೀರಿಗಾಗಿ ಇಷ್ಟು ಪಾಡುಪಟ್ಟ ಸೀಮೆಯಲ್ಲಿ ಸಕ್ಕರೆಯ ಲೆಕ್ಕ ಎಲ್ಲರ ಬಾಯಲ್ಲೂ ಉಂಟು. ಸಿಪ್ಪೆಯ ಲೆಕ್ಕ ಕೇಳುವವರು ಕಡಿಮೆ.

ಆ ಲೆಕ್ಕ ಸಣ್ಣದೇನಲ್ಲ. ಒಂದು ಟನ್ ಕಬ್ಬು ನುರಿಸಿದರೆ ಸಕ್ಕರೆ ಸಿಗುವುದು ಸುಮಾರು 100 ಕಿಲೋ. ಹಸಿ ಸಿಪ್ಪೆಯೋ, ಸುಮಾರು 300 ಕಿಲೋ! ಅದರಲ್ಲಿ ಅರ್ಧದಷ್ಟು ನೀರು. ಉಳಿದದ್ದು ಬಹುಪಾಲು ನಾರು ಮತ್ತು ಬೆಂಡು.

ಜಮಖಂಡಿಯ ಪೇಟೆಗೆ ಮಗಳ ಓದಿಗೆಂದು ಮೇಜು ಕೊಳ್ಳಲು ಬಂದ ರೈತನೊಬ್ಬ ಅದನ್ನು ಬೆರಳಿನಿಂದ ಬಡಿದು ನೋಡುತ್ತಾನೆ. “ಇದೇನ್ರಿ, ಕಟಗಿನೋ ರಟ್ಟೋ?”

“ಪುಡಿ ಒತ್ತಿ ಮಾಡಿದ ಹಲಗಿ ರೀ. ಈಗ ಇದ ಹೆಚ್ಚು ಬರ್ತೈತಿ.”

“ಸಾಗವಾನಿ ಆಗಿದ್ರ ಮೊಮ್ಮಕ್ಕಳ ಕಾಲಕ್ಕೂ ಬರ್ತಿತ್ತು.”

ಹತ್ತನೆಯ ತರಗತಿಯ ಮಗಳು ಸುಮ್ಮನಿರುವುದಿಲ್ಲ. “ಅಪ್ಪಾ, ಸಾಗವಾನಿ ಬೆಳೀಲಿಕ್ಕೆ ಐವತ್ತು ವರ್ಷ ಬೇಕು. ಇಂಥಾ ಹಲಗಿ ನಮ್ಮ ಕಬ್ಬಿನ ಸಿಪ್ಪಿಲಿಂದಾನೂ ಮಾಡ್ತಾರ.”

ಮಗಳ ಮಾತು ನಿಜ. ಮರದಲ್ಲಿರುವ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್‌ಗಳೇ ಕಬ್ಬಿನ ಸಿಪ್ಪೆಯಲ್ಲೂ ಇವೆ. ಅಮೆರಿಕದ ಲೂಸಿಯಾನದಲ್ಲಿ 1920ರ ದಶಕದಲ್ಲಿಯೇ ಸಿಪ್ಪೆಯಿಂದ ಹಲಗೆ ತಯಾರಾಗುತ್ತಿತ್ತು. ಗಡಿಯಾಚೆ ಸೊಲ್ಲಾಪುರ ಜಿಲ್ಲೆಯ ವೇಳಾಪುರದಲ್ಲೂ ಸಿಪ್ಪೆಯಿಂದ ಹಲಗೆ ಮಾಡುವ ಕಾರ್ಖಾನೆ ಎದ್ದಿತು.

ಮಾಡುವ ಬಗೆ ಹೇಗೆ? ಮೊದಲು ಸಿಪ್ಪೆಯೊಳಗಿನ ಮೆತ್ತನೆಯ ಬೆಂಡನ್ನು ಬೇರ್ಪಡಿಸಬೇಕು. ಬೆಂಡು ಸ್ಪಂಜಿನ ಹಾಗೆ ಅಂಟನ್ನೆಲ್ಲ ಹೀರಿಬಿಡುತ್ತದೆ, ಹಲಗೆಗೆ ಬಲ ಕೊಡುವುದಿಲ್ಲ. ಉಳಿದ ನಾರನ್ನು ಚೆನ್ನಾಗಿ ಒಣಗಿಸಿ, ಅಂಟು ಸಿಂಪಡಿಸಿ, ಹಾಸಿಗೆಯಂತೆ ಹರವಿ, 150 ಡಿಗ್ರಿಗೂ ಮೇಲ್ಪಟ್ಟ ಕಾವಿನಲ್ಲಿ ಬಲವಾಗಿ ಒತ್ತುತ್ತಾರೆ. ಸಾಮಾನ್ಯವಾಗಿ ಬಳಸುವ ಅಂಟು ಯೂರಿಯಾ ಫಾರ್ಮಾಲ್ಡಿಹೈಡ್. ಕಬ್ಬಿಗೆ ಹಾಕುವ ಅದೇ ಯೂರಿಯಾ ಇಲ್ಲಿ ಅಂಟಿಗೂ ಮೂಲ! ಕಾವಿಗೆ ಗಟ್ಟಿಯಾದ ಈ ಅಂಟು ಮತ್ತೆ ಕರಗದು. ಬೆಂದ ರೊಟ್ಟಿ ಮತ್ತೆ ಹಿಟ್ಟಾಗುವುದುಂಟೆ?

ಎಂಟಡಿ ಉದ್ದ, ನಾಲ್ಕಡಿ ಅಗಲ, 18 ಮಿಲಿಮೀಟರ್ ದಪ್ಪದ ಹಲಗೆಯ ತೂಕ ಸುಮಾರು 37 ಕಿಲೋ. ಅಂಟು, ತೇವ ಕಳೆದರೆ ಅದರಲ್ಲಿರುವ ನಾರು ಮೂವತ್ತು ಕಿಲೋಗಿಂತ ತುಸು ಹೆಚ್ಚು. ಬೇರ್ಪಡಿಸಿದ ಬೆಂಡನ್ನೂ ಹಾರಿಹೋದ ನೀರನ್ನೂ ಕೂಡಿಸಿ ಹಿಂದಕ್ಕೆ ಲೆಕ್ಕ ಹಾಕಿದರೆ ಹಸಿ ಸಿಪ್ಪೆ 90 ಕಿಲೋ, ಅಂದರೆ ಕಬ್ಬು 300 ಕಿಲೋ. 10 ಟನ್ ಹೇರಿದ ಟ್ರೇಲರಿನಲ್ಲಿ ಮೂವತ್ತಕ್ಕೂ ಹೆಚ್ಚು ಹಲಗೆ ಅಡಗಿ ಕುಳಿತಿವೆ!

ಹಾಗಾದರೆ ಎಲ್ಲ ಸಿಪ್ಪೆಯನ್ನೂ ಹಲಗೆ ಮಾಡಬಾರದೇಕೆ? ತೊಡಕು ಇರುವುದು ಇಲ್ಲಿಯೇ. ಸಿಪ್ಪೆಯ ಮೊದಲ ವಾರಸುದಾರ ಬಾಯ್ಲರ್. ಕಬ್ಬಿನ ರಸ ಕುದಿಯುವುದು ಸಿಪ್ಪೆಯ ಉರಿಯಿಂದಲೇ. ಸಮೀರವಾಡಿಯ ಗೋದಾವರಿ ಕಾರ್ಖಾನೆಯಂಥವು ಅದರಿಂದ ವಿದ್ಯುತ್ತನ್ನೂ ಉತ್ಪಾದಿಸುತ್ತವೆ. ಸಿಪ್ಪೆಯನ್ನು ಹಲಗೆಗೆ ಕೊಟ್ಟು, ಬಾಯ್ಲರಿಗೆ ಕಲ್ಲಿದ್ದಲು ತಂದು ಸುರಿದರೆ ಗಳಿಸಿದ್ದೇನು? ಎರಡನೆಯ ವಾರಸುದಾರ ಕಾಗದ. ತಮಿಳುನಾಡಿನಲ್ಲಿ ಸಿಪ್ಪೆಯಿಂದ ಪತ್ರಿಕಾ ಕಾಗದವನ್ನೂ ತಯಾರಿಸಿದ್ದಾರೆ. ಹಲಗೆಯ ಪಾಳಿ ಇವರಿಬ್ಬರ ನಂತರ.

ಸಿಪ್ಪೆಗೆ ಇಷ್ಟು ಪೈಪೋಟಿ ಇರುವಾಗ ಯಾರೂ ಕೇಳದೆ ಉರಿದುಹೋಗುವುದು ಹೊಲದಲ್ಲಿ ಉಳಿಯುವ ರವದಿ. ಕಬ್ಬು ಕಡಿದ ಮೇಲೆ ಹೆಕ್ಟೇರಿಗೆ ಸುಮಾರು 8-10 ಟನ್ ಒಣ ಎಲೆ ಬೀಳುತ್ತದೆ. ಬಹಳ ಜನ ಅದಕ್ಕೆ ಬೆಂಕಿ ಹಚ್ಚುತ್ತಾರೆ. ಹೊಗೆಯಿಂದ ಊರಿನ ಮಕ್ಕಳಿಗೆ ಕೆಮ್ಮು, ಹೊಲಕ್ಕೆ ನಷ್ಟ. ಆದರೆ ರವದಿಗೂ ವಾರಸುದಾರನಿದ್ದಾನೆ: ಮಣ್ಣು. ಕೂಳೆ ಕಬ್ಬಿನ ಸಾಲುಗಳ ನಡುವೆ ಹೊದಿಸಿದರೆ ತೇವ ಉಳಿಯುತ್ತದೆ, ಕೊಳೆತರೆ ಗೊಬ್ಬರ. ಹತ್ತಿ ಕಟಗಿಯ ಮಾತು ಬೇರೆ. ಅದು ಬೇಗ ಕೊಳೆಯುವುದಿಲ್ಲ. ಮುಂಬಯಿಯ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಅದರಿಂದ ಹಲಗೆ ಮಾಡುವ ವಿಧಾನ ರೂಪಿಸಿದೆ. ಮಗ್ಗಗಳ ಊರಾದ ರಬಕವಿ-ಬನಹಟ್ಟಿಯ ಮಕ್ಕಳು ಅರಳೆ, ನೂಲಿನ ಜೊತೆಗೆ ಕಟಗಿಯ ಈ ಕಥೆಯನ್ನೂ ತಿಳಿಯಬೇಕು.

ಹಲಗೆಗೂ ದೋಷಗಳಿವೆ. ನೀರು ತಾಗಿದರೆ ಉಬ್ಬುತ್ತದೆ. ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಕಣ್ಣು, ಮೂಗಿಗೆ ಉರಿ. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಬೂಷ್ಟು ಹಿಡಿದ ಸಿಪ್ಪೆಯ ಧೂಳು ಕಾರ್ಮಿಕರ ಶ್ವಾಸಕೋಶಕ್ಕೆ ಕೆಟ್ಟದ್ದು. ಈ ವೆಚ್ಚವನ್ನು ಬಿಟ್ಟು ಲಾಭವನ್ನಷ್ಟೇ ಬರೆದರೆ ಅದು ವಿಜ್ಞಾನವಲ್ಲ, ಜಾಹೀರಾತು.

ಉಬ್ಬುವುದನ್ನು ವಿದ್ಯಾರ್ಥಿಗಳು ತಾವೇ ಅಳೆಯಬಹುದು. ಬಡಿಗೇರ ಅಂಗಡಿಯಲ್ಲಿ ಬಿಸಾಡಿದ ಹಲಗೆಯ ತುಂಡೊಂದನ್ನು ತಂದು ವರ್ನಿಯರ್ ಕ್ಯಾಲಿಪರ್ಸ್‌ನಿಂದ ಅದರ ದಪ್ಪ ಬರೆದಿಟ್ಟುಕೊಳ್ಳಲಿ. ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು ಮತ್ತೆ ಅಳೆಯಲಿ. ಎಷ್ಟು ಪಾಲು ಉಬ್ಬಿತು? ಹಾಗಾಗದಂತೆ ತಡೆಯಲು ಅಂಟು ಹೇಗಿರಬೇಕು? ಎಂಜಿನಿಯರಿಂಗ್ ಓದಿಗೆ ಮಕ್ಕಳನ್ನು ಬೆಂಗಳೂರಿಗೆ ಕಳಿಸುವ ಮೊದಲು ತಂದೆತಾಯಿಗಳು ಈ ಪ್ರಶ್ನೆಯನ್ನೂ ಮನೆಯಲ್ಲಿ ಕೇಳಲಿ. ಉತ್ತರ ಹುಡುಕುವವರಿಗೆ ಬೇಕಾದ ಕಚ್ಚಾ ಸಾಮಗ್ರಿ ಊರಿನ ಹೊಲದಲ್ಲೇ ಬಿದ್ದಿದೆ.