ಹಳದಿ ದೀಪ

ನಿವೃತ್ತ ಉಪಾಧ್ಯಾಯರೊಬ್ಬರ ಹಳೆಯ ಪೆಟ್ರೋಲ್ ಕಾರಿನಲ್ಲಿ ಎಂಜಿನ್ನಿನ ಚಿತ್ರವುಳ್ಳ ಹಳದಿ ದೀಪವು ಹೊತ್ತಿಕೊಂಡಿತು. ಬಂಡಿಯು ಎಂದಿನಂತೆ ಓಡುತ್ತಿದ್ದಿತು. ದೀಪವು ಮಾತ್ರ ಆರಲೊಲ್ಲದು. ಪೇಟೆಯ ಗ್ಯಾರೇಜಿನವರು ಪಿ ೦೪೨೦ ಎಂಬ ಸಂಕೇತವನ್ನೋದಿ, ಹೊಗೆಯಲ್ಲಿನ ವಿಷವಾಯುಗಳನ್ನು ಶೋಧಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಟ್ಟಿತೆಂದು ತೀರ್ಪಿತ್ತರು. ಪ್ಲಾಟಿನಮ್, ಪಲ್ಲೇಡಿಯಮ್, ರೋಡಿಯಮ್ ಲೋಹಗಳ ಲೇಪವುಳ್ಳ ಆ ಡಬ್ಬಿಯ ಬೆಲೆಯನ್ನು ಕೇಳಿ ಉಪಾಧ್ಯಾಯರು ಎರಡು ತಿಂಗಳ ಪಿಂಚಣಿಯನ್ನು ಮನಸ್ಸಿನಲ್ಲಿಯೇ ಕಳೆದುಬಿಟ್ಟರು.

ಊರಿನ ಮೇಸ್ತ್ರಿಯು ಅವಸರಪಡಲಿಲ್ಲ. “ಇದು ಬರಿಯ ದೂರು, ಮೇಷ್ಟ್ರೇ. ಕಳ್ಳನಾರೆಂದು ಇನ್ನೂ ನೋಡಬೇಕು” ಎಂದನು.

ಕನ್ವರ್ಟರಿನ ಮುಂದೊಂದು, ಹಿಂದೊಂದು ಆಮ್ಲಜನಕದ ಸೆನ್ಸರ್ ಇರುವುದು. ಮುಂದಿನದರ ವೋಲ್ಟೇಜು ಏರಿಳಿಯುತ್ತಿದ್ದರೂ ಹಿಂದಿನದು ಬಹುಮಟ್ಟಿಗೆ ನಿಶ್ಚಲವಾಗಿರಬೇಕು. ಇಲ್ಲಿ ಎರಡೂ ಕುಣಿಯುತ್ತಿದ್ದುವು. ಅಷ್ಟಕ್ಕೇ ಕನ್ವರ್ಟರನ್ನು ದೂಷಿಸುವುದು ಸುಲಭ. ಬಿಲ್ಲು ಬರೆಯುವುದೂ ಸುಲಭ. ಮೇಸ್ತ್ರಿಯು ಎಂಜಿನ್ ತಣಿದ ಬಳಿಕ ಹೊಗೆಕೊಳವೆಯ ಬಾಯಿಂದ ಮೆಲ್ಲನೆ ಗಾಳಿಯೂದಿಸಿ, ಕೊಳವೆಯ ಸಂದುಗಳಿಗೆಲ್ಲ ಸಾಬೂನಿನ ನೀರನ್ನು ಹಚ್ಚುತ್ತ ಹೋದನು. ಹಿಂದಿನ ಸೆನ್ಸರಿಗೆ ತುಸು ಮುಂಚಿನ ಸಂದಿನಲ್ಲಿ ಗುಳ್ಳೆಗಳೆದ್ದುವು. ಓಡುವಾಗ ಅಲ್ಲಿಂದ ನುಸುಳಿದ ಹೊರಗಾಳಿಯು ಸೆನ್ಸರನ್ನು ವಂಚಿಸುತ್ತಿದ್ದಿತು.

ಗ್ಯಾಸ್ಕೆಟನ್ನು ಬದಲಿಸಿ, ಸಂಕೇತವನ್ನಳಿಸಿ, ಕೆಲವು ದಿನ ಓಡಿಸಿ ಮರಳಿ ಪರೀಕ್ಷಿಸಲು ವೋಲ್ಟೇಜು ಸಮನಾಗಿದ್ದಿತು. ಉಪಾಧ್ಯಾಯರಾದರೋ ಬಹುದಿನಗಳವರೆಗೆ ದಾರಿಗಿಂತ ಹೆಚ್ಚಾಗಿ ಆ ದೀಪದ ಸ್ಥಳವನ್ನೇ ನೋಡುತ್ತಿದ್ದರು.